ದೇಯಿ ಹದ ಮಾಡಿದ ಲಾನ್

ತಾನು ಬೆಳೆ ತೆಗೆದ ಗದ್ದೆಯ ಬದುವನ್ನು, ಆ ಹುಣಿಯನ್ನು, ದೇಯಿ ತಾನೇ ಕಡಿದು ಹಾಕುತ್ತಿದ್ದಳು. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ವಾಮಂಜೂರಿಡೀ ಆಡಿಕೊಳ್ಳುತ್ತಿತ್ತು.

ಆಡಿಕೊಳ್ಳದೆ ಇನ್ನೇನು? ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಮೇಲೆ ಧಣಿಗಳ ಮನೆಯೆದುರಿನ ಆ ಗದ್ದೆಗೆ ಅವಳು ಅರ್ಜಿ ಹಾಕಿದ್ದಳು. ಗಂಡನ ಕಾಲದಿಂದ ಗೇಣಿ ಅಕ್ಕಿ ಅಳೆದದ್ದಕ್ಕೆ ಒಂದು ಚೀಟಿಯೂ ಇಲ್ಲ. ಮೈಸೂರು ಕಡೆಯಿಂದ ಹೊಸದಾಗಿ ಬಂದ ಅಧಿಕಾರಿ, ಬಾಯಿಮಾತು ನಡೆಯದು, ಬಂದು ನೋಡುತ್ತೇನೆ, ಬೇಸಾಯವಿದ್ದರೆ ಗದ್ದೆ ನಿನ್ನದು ಎಂದಿದ್ದರು. ಧಣಿ ಚಿತ್ತರಂಜನ ಹೆಗ್ಡೆ ಮರುದಿನವೇ ಅಲ್ಲಿ ಲಾನ್ ಮಾಡಿಸಲು ಹೊರಟರು. ಲಾನ್ ಎದ್ದರೆ ಅದು ಮನೆಯಂಗಳ, ಗದ್ದೆಯಲ್ಲ. ಆ ಕೂಲಿಗೆ ಕರೆದದ್ದೂ ದೇಯಿಯನ್ನೇ. ಹೊಟ್ಟೆ ಉರಿಸುವುದರಲ್ಲಿ ಅವರದು ಎತ್ತಿದ ಕೈ.

ದೇಯಿ ಹೋದಳು. ಹೆಂಟೆ ಒಡೆದಳು, ಕಲ್ಲು, ಬೇರು ಆರಿಸಿದಳು, ಹಟ್ಟಿಗೊಬ್ಬರ ಬೆರೆಸಿ ಹಲಗೆ ಎಳೆದು ನೆಲವನ್ನು ಮಟ್ಟ ಮಾಡಿದಳು. ಬೆಂಗಳೂರಿನಿಂದ ತರಿಸಿದ ಹುಲ್ಲಿನ ಬೀಜವನ್ನು ಅವಳ ಕೈಗೆ ಕೊಟ್ಟು ಧಣಿ ಹಂಪನಕಟ್ಟೆಯ ವಕೀಲರಲ್ಲಿಗೆ ಹೋದರು. ಬರುವಷ್ಟರಲ್ಲಿ ಬಿತ್ತಿ, ಮಣ್ಣು ಮುಚ್ಚಿ ಆಗಿತ್ತು.

“ಇಷ್ಟು ಚಂದ ಮಾಡಿ ಕೊಡ್ಲಿಕ್ಕೆ ನಿನಗೆ ನಾಚಿಕೆ ಇಲ್ವಾ ಅಕ್ಕ?” ಎಂದಳು ನೆರೆಮನೆಯ ಕುಶಲಾ. ಅಧಿಕಾರಿ ಬರಲಿ ಎಂದಷ್ಟೇ ದೇಯಿ ಹೇಳಿದಳು.

ಮೊದಲ ಮಳೆಗೆ ನೆಲವೆಲ್ಲ ಹಸಿರಾಯಿತು. ಅಧಿಕಾರಿ ಬಂದರು. ಧಣಿಗೆ ಹೆದರಿ ನೆರೆಯವರು ಯಾರೂ ಹತ್ತಿರ ಸುಳಿಯಲಿಲ್ಲ. ಬೂಟುಗಾಲಲ್ಲೇ ಒಂದು ಸುತ್ತು ಹಾಕಿದ ಅಧಿಕಾರಿ, ಲಾನ್ ಚೆನ್ನಾಗಿ ಎದ್ದಿದೆ ಎಂದರು.

ದೇಯಿ ಓಡಿ ಬಂದು ಅಧಿಕಾರಿಗೆ ಅಡ್ಡ ನಿಂತಳು. ಕನ್ನಡ ಕೇಳಿದರೆ ಅವಳಿಗೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಒಂದು ಸಸಿ ಕಿತ್ತು ಅವರ ಮುಖದೆದುರು ಹಿಡಿದು ತುಳುವಿನಲ್ಲಿ ಕೂಗಿ ಹೇಳಿದಳು. ಕಣ್ಣಲ್ಲಿ ನೀರು ಬಂತು.

“ಏನಂತೆ?” ಅಧಿಕಾರಿ ಧಣಿಯತ್ತ ತಿರುಗಿದರು.

ಧಣಿ ಆ ಸಸಿಯನ್ನು ನೋಡಿದರು. ಅವರ ಮುಖ ಬಿಳುಚಿಕೊಂಡಿತು. ಆಮೇಲೆ ನಕ್ಕರು.

“ಲಾನ್ ಲಾಯ್ಕಾಗಿ ಬಂದಿದೆ, ಇನ್ನು ನೋಡಿಕೊಳ್ಳುವ ಕೆಲಸವೂ ನನಗೇ ಬೇಕು ಅಂತ ಹೇಳ್ತಾಳೆ ಸಾರ್.”

ಪಾಪ, ಕೊಡಿ ಎಂದು ಹೇಳಿ ಅಧಿಕಾರಿ ಜೀಪು ಹತ್ತಿದರು.

ದೇಯಿ ಹೇಳಿದ್ದು ಇಷ್ಟೇ: ಇದು ಹುಲ್ಲಲ್ಲ ಸ್ವಾಮಿ, ನಾನು ಬಿತ್ತಿದ ಭತ್ತ.