ಮೊದಲ ಮುದ್ರೆ

"ಫೋನ್ ನಂಬರ್ ಹೇಳಮ್ಮಾ, ಒಂದೊಂದು ಸಲ ಕೊಂಡಾಗ್ಲೂ ಒಂದು ಮುದ್ರೆ, ಹತ್ತು ಮುದ್ರೆ ಬಿದ್ರೆ ಒಂದು ಕೇಕ್ ಪುಕ್ಕಟೆ," ಎಂದು ಬೇಕರಿಯಾಕೆ ಮೂರನೇ ಸಲ ಒತ್ತಾಯಿಸಿದಾಗ, ಮಗಳ ಕೈ ಹಿಡಿದು ನಿಂತಿದ್ದ ಹೆಂಗಸು ಬಾಯಿಪಾಠವಾಗಿದ್ದ ಹತ್ತು ಅಂಕಿಗಳನ್ನು ಹೇಳಿಬಿಟ್ಟಳು. ಗಲ್ಲಾದ ಮೇಲಿದ್ದ ಕಂಪ್ಯೂಟರಿನ ಪರದೆಯಲ್ಲಿ, ಆ ನಂಬರಿನ ಕಾರ್ಡಿಗೆ ಮೊದಲ ಮುದ್ರೆ ಬಿತ್ತು.

"ಮೆಸೇಜ್ ಬಂತಾ ನೋಡು. ಅಂಗಡಿ ವಿಳಾಸ, ಫೋನ್ ನಂಬರ್, ದಾರಿ ಎಲ್ಲಾ ಅದ್ರಲ್ಲಿರುತ್ತೆ."

ಹೆಂಗಸು ತನ್ನ ಹೊಸ ಫೋನನ್ನು ತೆಗೆದು ನೋಡಿದಳು; ಯಾವ ಮೆಸೇಜೂ ಬಂದಿರಲಿಲ್ಲ. "ಅಯ್ಯೋ, ಹಳೇ ನಂಬರ್ ಕೊಟ್ಬಿಟ್ಟೆ. ಆ ಫೋನ್ ಅವರ ಹತ್ರ ಇದೆ. ನಾವೆಲ್ಲಿದ್ದೀವಿ ಅಂತ ಅವರಿಗೆ ಗೊತ್ತಾಗಬಾರ್ದು ಅಕ್ಕಾ, ಅಳಿಸಿಬಿಡಿ!"

ಬೇಕರಿಯಾಕೆ ತಕ್ಷಣ ಕಾರ್ಡನ್ನೇನೋ ಅಳಿಸಿದಳು, ಆದರೆ ಹೋದ ಮೆಸೇಜು ಹೋಗಿಯೇ ಆಗಿತ್ತು. ಅಷ್ಟರಲ್ಲೇ ಅಂಗಡಿಯ ಮೊಬೈಲು ರಿಂಗಾಯಿತು. ಅಭ್ಯಾಸಬಲದಿಂದ ಸ್ಪೀಕರಿಗೆ ಹಾಕಿದಳು.

"ನಮ್ಮನೆಯವರು ಅಲ್ಲಿಗೆ ಬಂದಿದ್ರಾ ಮೇಡಂ?" ಗಂಡಸಿನ ದನಿ ಬೆಣ್ಣೆಯಷ್ಟು ಮೆತ್ತಗಿತ್ತು.

"ಇಲ್ಲಪ್ಪಾ, ಯಾರೋ ತಪ್ಪು ನಂಬರ್ ಕೊಟ್ಟಿರ್ಬೇಕು," ಎನ್ನುತ್ತಲೇ ಬೇಕರಿಯಾಕೆ ಹಿಂಬಾಗಿಲತ್ತ ಕಣ್ಸನ್ನೆ ಮಾಡಿದಳು.

"ಅಪ್ಪಾ!" ಮಗು ಖುಷಿಯಿಂದ ಕೂಗಿತು.

ತಾಯಿಯ ಅಂಗೈ ಅದರ ಬಾಯಿ ಮುಚ್ಚುವಷ್ಟರಲ್ಲಿ ಹೊತ್ತು ಮೀರಿತ್ತು.

"ಅಲ್ಲೇ ಇರು ಪುಟ್ಟಾ," ಎಂದಿತು ದನಿ, ಅಷ್ಟೇ ಮೆತ್ತಗೆ. "ಬಂದೆ."