ಕೊಳದ ಮೀನಿಗೆ ನೈವೇದ್ಯ

ಆಶಾ ಕಾರ್ಯಕರ್ತೆ ದೇವಿರಮ್ಮ ಬಿಳಿ ಮಗ್ಗನ್ನು ತಾವರೆಕೊಳಕ್ಕೆ ಅದ್ದಿ ಎತ್ತಿದಳು, ಬಿಸಿಲಿಗೆ ಹಿಡಿದಳು, ಮುಖ ಸಣ್ಣ ಮಾಡಿಕೊಂಡಳು. ಮಗ್ಗಿನ ನೀರಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ನೇತಾಡಿಕೊಂಡು ಕುಣಿಯುತ್ತಿದ್ದವು. ಒಂದಲ್ಲ ಎರಡಲ್ಲ, ಒಂದು ಹಿಂಡು. ಹದಿನೈದು ದಿನದ ಹಿಂದೆ ಇದೇ ಕೊಳಕ್ಕೆ ಅವಳೇ ಪ್ಲಾಸ್ಟಿಕ್ ಕವರಿನಲ್ಲಿ ಇಪ್ಪತ್ತು ಗಪ್ಪಿ ಮೀನು ತಂದು ಬಿಟ್ಟು, "ಇನ್ನು ಸೊಳ್ಳೆ ಚಿಂತೆ ಬುಡಿ ಅಮ್ಮಾವ್ರೆ" ಅಂದು ಹೋಗಿದ್ದಳು.

"ನೋಡಿದ್ಯಾಮ್ಮ?" ಹಿತ್ತಲ ಬಾಗಿಲಲ್ಲಿ ನಿಂತಿದ್ದ ಸುದರ್ಶನ ತಾಯಿ ಸುಂದರಮ್ಮನನ್ನು ಕೇಳಿದ. "ಮೂರು ಮನೆ ಆಚೆ ಡೆಂಗಿ ಬಂದಿದೆ. ರಂಜನಿಗೆ ಐದು ತಿಂಗಳು. ಬರೋ ಶುಕ್ರವಾರ ಮಗ್ಗಲ್ಲಿ ಒಂದೇ ಒಂದು ಹುಳ ಕಂಡರೂ ಶನಿವಾರ ಇಲ್ಲಿಗೆ ಒಂದು ಲೋಡ್ ಮಣ್ಣು. ಟಿಪ್ಪರ್‌ನವನಿಗೆ ಹೇಳಾಯ್ತು."

ಸುಂದರಮ್ಮ ಕೊಳದ ಕಡೆ ತಿರುಗಿದರು. ಕೊಳವೆಂದರೆ ಭಾರಿ ಏನಲ್ಲ, ಸುತ್ತ ನಾಲ್ಕು ಜನ ಕೂತರೆ ಮುಗಿಯಿತು. ಆದರೆ ಮದುವೆಯಾಗಿ ಈ ಅಗ್ರಹಾರದ ಮನೆಗೆ ಬಂದ ಮಾರನೆಯ ದಿನದಿಂದ ದೇವರಿಗೆ ಇದೇ ಕೊಳದ ತಾವರೆ ಏರಿಸಿದ ಕೈ ಆಕೆಯದು. ಹಾಗಂತ ಮಗನಿಗೆ ಎದುರಾಡಲು ಬಾಯಿ ಎಲ್ಲಿದೆ? ಬಸುರಿ ಸೊಸೆಯ ಮುಂದೆ ತಾವರೆ ಯಾವ ಗಿಡದ ತಪ್ಪಲು? ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು.

ಅಷ್ಟರಲ್ಲಿ ದೇವಿರಮ್ಮ ಕೊಳದ ಕಟ್ಟೆಯಿಂದ ಏನನ್ನೋ ಬೆರಳಲ್ಲಿ ಎತ್ತಿ ನೋಡಿದಳು. ಒಂದು ಅಗುಳು ಅನ್ನ.

"ಅಮ್ಮಾವ್ರೆ, ಮೀನಿಗೆ ಅನ್ನ ಹಾಕ್ತಿದ್ದೀರಾ?"

"ಹಾಕದೆ ಇರಕ್ಕಾಗತ್ತೇನ್ರೀ? ಮನೆಗೆ ಬಂದ ಜೀವ. ದೇವರ ನೈವೇದ್ಯ ಆದ ತಕ್ಷಣ ಮೊದಲು ಅವಕ್ಕೇ. ಬೆಳಿಗ್ಗೆ ಅನ್ನ, ಸಂಜೆ ಸ್ವಲ್ಪ ಕಡಲೆಪುರಿ. ಪಾಪ, ನನ್ನ ನೆರಳು ಕಂಡರೆ ಸಾಕು, ಓಡಿ ಬರ್ತವೆ."

ದೇವಿರಮ್ಮನಿಗೆ ನಗು ತಡೆಯಲಾಗಲಿಲ್ಲ. "ಸರಿಹೋಯ್ತು. ಕೂತಲ್ಲೇ ನೈವೇದ್ಯ ಸಿಕ್ಕರೆ ಸೊಳ್ಳೆಮರಿ ಹಿಂದೆ ಯಾರು ಓಡ್ತಾರೆ? ನಿಮ್ಮನೆಗೆ ಬಂದು ಮೀನೂ ಮಡಿ ಕಲ್ತ್ಬುಟ್ಟವೆ. ಇವತ್ತಿಂದ ಒಂದಗುಳೂ ಹಾಕಬೇಡಿ. ಹಸೀಲಿ."

ಹಸೀಲಿ ಅನ್ನುವುದು ಬಾಯಿಗೆ ಸುಲಭ. ಮಾರನೆಯ ಬೆಳಿಗ್ಗೆ ಸುಂದರಮ್ಮ ಕಟ್ಟೆಯ ಹತ್ತಿರ ಬಂದರೋ ಇಲ್ಲವೋ, ಇಪ್ಪತ್ತು ಮೀನೂ ಮೇಲೆ ಬಂದು ಪುಟ್ಟ ಬಾಯಿ ತೆರೆದು ಮುಚ್ಚಿ ಮಾಡಿದವು. ಬಂದವರಿಗೆ ಬಡಿಸದೆ ತಾವು ಎಲೆ ಮುಂದೆ ಕೂತ ಜನ್ಮವಲ್ಲ ಅದು. ಆದರೂ ಅಗುಳು ಹಾಕದೆ, ಒಳಗೆ ಹೋಗಿ ತಾವೂ ತಿಂಡಿ ಬಿಟ್ಟರು. ಹನ್ನೊಂದಕ್ಕೆ ಮನಸ್ಸು ತಡೆಯದೆ, ಸತ್ತೇ ಹೋದವೇನೋ ಎಂದು ಕನ್ನಡಕ ಏರಿಸಿಕೊಂಡು ಮತ್ತೆ ಬಂದು ಬಗ್ಗಿದರು.

ಆಗ ಕಂಡಿತು. ನೀರಿನ ಮೇಲ್ಮೈಗೆ ಜೋತುಬಿದ್ದಿದ್ದ ಒಂದು ಸೊಳ್ಳೆಮರಿಯ ಕೆಳಗೆ ಉಗುರುದ್ದದ ಮೀನೊಂದು ಅಲುಗದೆ ನಿಂತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಸೊಳ್ಳೆಮರಿ ಇಲ್ಲ. ಮುಂದೆ ಇನ್ನೊಂದು, ಎಲೆಯ ಅಡಿಯಲ್ಲಿ ಮತ್ತೊಂದು. ಸುಂದರಮ್ಮ ನಲವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿದರು. ಹೊಟ್ಟೆಯೋ ಧಾನ್ಯ ತುಂಬುವ ಹಗೇವೋ, ಭಗವಂತನಿಗೇ ಗೊತ್ತು. ಬೇವಿನ ಹೊಗೆ, ಬತ್ತಿ, ಪರದೆ ಎಂದು ಮನೆಯವರೆಲ್ಲ ಸೇರಿ ಹೆಣಗಿದರೂ ಬಗ್ಗದ ಸೊಳ್ಳೆಯನ್ನು, ಯಾರೂ ಹೇಳಿಕೊಡದೆ, ಸದ್ದಿಲ್ಲದೆ ಮುಗಿಸುತ್ತಿರುವ ಈ ಜೀವಕ್ಕೆ ತಾನು ಅಗುಳು ಎಸೆದು ಅನ್ನದಾತೆ ಅಂದುಕೊಂಡಿದ್ದೆನಲ್ಲ ಎಂದು ಆಕೆಗೆ ನಾಚಿಕೆಯಾಯಿತು. ಒಲೆಯ ಮೇಲೆ ಹಾಲಿಟ್ಟು ಬಂದದ್ದೂ ಮರೆತು, ಅದು ಉಕ್ಕಿ ಸೊಸೆ ಕೂಗುವವರೆಗೆ ಅಲ್ಲೇ ಕೂತಿದ್ದರು.

ಶುಕ್ರವಾರ ಬಂತು. ದೇವಿರಮ್ಮ ಮಗ್ಗು ಅದ್ದಿದಳು. ತಿಳಿನೀರು. ಇನ್ನೊಂದು ಮೂಲೆ. ತಿಳಿನೀರು. ಮೂರನೆಯ ಸಲ, ತಾವರೆ ಎಲೆಯ ಬುಡದಲ್ಲಿ ಅದ್ದಿ ಎತ್ತಿದಾಗ ಮಗ್ಗಿನ ತಳದಲ್ಲಿ ಏನೋ ಮಿಸುಕಿತು.

"ಆಯ್ತಲ್ಲ," ಅಂದ ಸುದರ್ಶನ. ಸುಂದರಮ್ಮ ಕಣ್ಣು ಮುಚ್ಚಿಕೊಂಡರು.

"ಸಾರ್, ಬನ್ನಿ ಇಲ್ಲಿ. ಹುಳ ಅಲ್ಲ ಇದು." ದೇವಿರಮ್ಮ ಮಗ್ಗನ್ನು ಅವನ ಮೂಗಿನ ಹತ್ತಿರ ತಂದಳು. ರೆಪ್ಪೆಕೂದಲಷ್ಟು ಮೈ, ಅದಕ್ಕೆ ಸಾಸಿವೆಯ ಚೂರಿನಂಥ ಎರಡು ಕಣ್ಣು. ಅದರ ಪಕ್ಕ ಇನ್ನೊಂದು, ಮತ್ತೂ ಒಂದು. "ಮೀನಿನ ಮರಿ. ಈ ಜಾತಿ ಮೊಟ್ಟೆ ಇಡಾಕಿಲ್ಲ ಸಾರ್. ನಮ್ಮಂಗೇ ಬಸುರಾಗಿ ಮರೀನೇ ಹೆರ್ತದೆ."

ರಂಜನಿ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮೆಲ್ಲಗೆ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

"ರಾಮ ರಾಮ," ಅಂದರು ಸುಂದರಮ್ಮ. "ಬಸುರೀನ ಒಂದು ವಾರ ಉಪವಾಸ ಕೆಡವಿಬಿಟ್ಟೆನಲ್ಲೇ, ರಂಜನಿ."

"ಉಪಾಸ ಎಲ್ಲಿ ಬಂತು ಬುಡಿ ಅಮ್ಮಾವ್ರೆ. ನಿಮ್ಮನೆ ಬಸುರೀನ ಕಾಯ್ತಾನೇ ಹೊಟ್ಟೆ ತುಂಬಿಸ್ಕೊಂಡು, ತಾನೂ ಹೆತ್ತವಳೆ."

ದೇವಿರಮ್ಮ ಮಗ್ಗನ್ನು ನೀರಿನ ಮಟ್ಟಕ್ಕೆ ಇಳಿಸಿ, ಅಲುಗಿಸದೆ ಓರೆ ಮಾಡಿದಳು. ಮರಿಗಳು ಒಂದೊಂದಾಗಿ ಎಲೆಯ ನೆರಳಿಗೆ ಸೇರಿಕೊಂಡವು. ಸುದರ್ಶನ ಕೊಳದಿಂದ ಕಣ್ಣು ಕೀಳದೆಯೇ ಜೇಬಿನಿಂದ ಫೋನು ತೆಗೆದು, ಟಿಪ್ಪರ್‌ನವನಿಗೆ ಹಚ್ಚಿ, ದನಿ ತಗ್ಗಿಸಿ ಹೇಳಿದ:

"ನಾಳೆ ಬರಬೇಡಪ್ಪ. ಮನೇಲಿ ಬಾಣಂತಿ ಇದ್ದಾಳೆ."