ಸುತಪಾಳ ಕೈ

ಸುತಪಾಳ ಕ್ರಿಮಿರಹಿತ ಗ್ಲೌಸು ಸಲೈನ್ ಸ್ಟ್ಯಾಂಡಿಗೆ ತಗುಲಿದ್ದನ್ನು ಕಂಡವಳು ನಿಶ್ಮಿತಾ ಒಬ್ಬಳೇ. "ಸಿಸ್ಟರ್, ಸುತಪಾ ಅನ್‌ಸ್ಟೆರೈಲ್!" ಎಂದು ಕೂಗಿಯೇಬಿಟ್ಟಳು. ದನಿಯೊಳಗಿನ ಸಂತೋಷವನ್ನು ಮಾಸ್ಕಿನಿಂದಲೂ ಮುಚ್ಚಲಾಗಲಿಲ್ಲ.

ಪರರಾಜ್ಯದ ಅಲಿಪುರದ ಆ ಆಸ್ಪತ್ರೆಯಲ್ಲಿ, ಸಿಸೇರಿಯನ್ ಹೊತ್ತಿಗೆ ಡಾಕ್ಟರರ ಪಕ್ಕ ನಿಂತು ಕತ್ತರಿ ಕೊಡುವ ಅವಕಾಶ ದಿನಕ್ಕೆ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿಗೆ ಮಾತ್ರ. ಚಂದ್ರಾವತಿ ಸಿಸ್ಟರ್ ಉಡುಪಿಯವರು, ಬೆಹಾಲಾದಲ್ಲಿ ನಿಶ್ಮಿತಾಳ ಪಕ್ಕದ ಮನೆಯವರು, ಅವಳ ಅಮ್ಮನ ನೀರುದೋಸೆ ತಿಂದವರು. ಆದರೂ ಸುತಪಾಳನ್ನೇ ಆರಿಸಿದ್ದರು. ನಿಶ್ಮಿತಾಳಿಗೆ ಸಿಕ್ಕಿದ್ದು ರಕ್ತ ಒರೆಸುವ ಬಟ್ಟೆ ಕೊಡುತ್ತ, ಕೊಟ್ಟಷ್ಟನ್ನೂ ಬೋರ್ಡಿನಲ್ಲಿ ಬರೆಯುವ ಕೆಲಸ.

ಸುತಪಾ ಗ್ಲೌಸು ಬದಲಿಸಲು ಹೊರನಡೆದಳು. ಖಾಲಿಯಾದ ಜಾಗದತ್ತ ನಿಶ್ಮಿತಾ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಡಾಕ್ಟರು, ಹೊಲಿಗೆ ಹಾಕುವ ಮೊದಲು ಹೊಟ್ಟೆಯೊಳಗೆ ಒಂದೂ ಉಳಿಯಬಾರದೆಂದು ಬಟ್ಟೆಗಳ ಲೆಕ್ಕ ಕೇಳಿದರು.

ಆಪರೇಷನ್ ಕೋಣೆಯಲ್ಲಿ ಎಂದೂ ಕನ್ನಡವಾಡದ ಚಂದ್ರಾವತಿ ಸಿಸ್ಟರ್ ಬೋರ್ಡನ್ನು ನೋಡಿ, ನಿಶ್ಮಿತಾಳ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಬಟ್ಟೆ ಎಷ್ಟು ಕೊಟ್ಟದ್ದು ನೀನು, ಮಾರಾಯ್ತಿ?"

ಸುತಪಾ ಹನ್ನೊಂದು ಸಲ ಕತ್ತರಿ ಕೊಟ್ಟಿದ್ದಳೆಂಬುದು ನಿಶ್ಮಿತಾಳಿಗೆ ಸರಿಯಾಗಿ ನೆನಪಿತ್ತು. ಬೋರ್ಡಿನಲ್ಲಿ ಐದನೆಯದರ ನಂತರ ಕೊಟ್ಟ ಬಟ್ಟೆ ಯಾವುದನ್ನೂ ಅವಳು ಬರೆದಿರಲಿಲ್ಲ.